ಹನ್ನಾ ಹೇಲ್ ವಾಪಸ್ ಹೋಗಲಿಲ್ಲ

1790ರಲ್ಲಿ ಅಮೆರಿಕ ಸರ್ಕಾರಕ್ಕೂ ಅಲ್ಲಿನ ಮೂಲನಿವಾಸಿಗಳಾದ ಕ್ರೀಕ್ ಜನರಿಗೂ ನ್ಯೂಯಾರ್ಕ್‌ನಲ್ಲಿ ಒಪ್ಪಂದ ಆಯಿತು. ಕ್ರೀಕರು ತಮ್ಮ ಸೆರೆಯಲ್ಲಿರುವ ಅಮೆರಿಕನ್ನರನ್ನೆಲ್ಲ ಓಕೋನಿ ನದಿ ದಂಡೆಯ ರಾಕ್ ಲ್ಯಾಂಡಿಂಗ್‌ನಲ್ಲಿದ್ದ ಅಮೆರಿಕದ ಸೇನೆಗೆ ತಂದೊಪ್ಪಿಸಬೇಕು, ಮುಂದಿನ ಜೂನ್ 1ರೊಳಗೆ ಒಪ್ಪಿಸದಿದ್ದರೆ ಜಾರ್ಜಿಯಾ ಗವರ್ನರ್ ಮೂವರನ್ನು ಕಳಿಸಿ ಕೇಳಿ ಪಡೆಯಬಹುದು ಅಂತ. ಕಾಗದದ ಮೇಲೆ ಎಷ್ಟು ಸಲೀಸು ಅಲ್ವಾ!

ಆದರೆ ಹನ್ನಾ ಹೇಲ್ ಕಥೆ ನೋಡಿ. ಜಾರ್ಜಿಯಾದಿಂದ ಕ್ರೀಕರು ಹಿಡಿದೊಯ್ದಾಗ ಅವಳಿಗೆ ಹನ್ನೊಂದೋ ಹನ್ನೆರಡೋ ವರ್ಷ. ಸರ್ಕಾರದ ಏಜೆಂಟ್ ಬೆಂಜಮಿನ್ ಹಾಕಿನ್ಸ್ 1790ರ ದಶಕದ ಕೊನೆಗೆ ಅವಳನ್ನು ಕಂಡಾಗ ಅವಳು ಕ್ರೀಕ್ ಊರೊಂದರ ಮುಖ್ಯಸ್ಥನ ಹೆಂಡತಿ, ಐದು ಮಕ್ಕಳ ತಾಯಿ. ಅರವತ್ತು ದನ, ಒಂದಷ್ಟು ಹಂದಿ, ಪೀಚ್ ಮತ್ತು ಸೇಬಿನ ತೋಟ. ನೂಲು ತೆಗೆಯುತ್ತಿದ್ದಳು, ನೇಯುತ್ತಿದ್ದಳು, ಇಬ್ಬರು ಹೆಣ್ಣುಮಕ್ಕಳಿಗೂ ನೂಲುವುದು ಕಲಿಸಿದ್ದಳು. ಹಾಕಿನ್ಸ್ ರಾಟೆ, ಮಗ್ಗ ಎಲ್ಲ ಕೊಡಿಸಿದ. (ಹಾಕಿನ್ಸ್ ಬರೆದಿಟ್ಟ ಅವಳ ಆಸ್ತಿ ಪಟ್ಟಿಯಲ್ಲಿ ದನಗಳ ಜೊತೆಗೇ ಒಬ್ಬ ಕಪ್ಪು ಹುಡುಗನೂ ಇದ್ದಾನೆ. ಅದನ್ನು ಸುಮ್ನೆ ಓದಿ ಮುಂದೆ ಹೋಗೋಕೆ ನನಗಂತೂ ಆಗಲಿಲ್ಲ.)

ಕಳೆದುಹೋದ ಮಗುವನ್ನು ಮನೆಗೆ ಕರೆತರುವುದು ಅಂದರೆ ಒಳ್ಳೆಯದೇ ಅಂದುಕೊಳ್ಳುತ್ತೇವೆ. ಆದರೆ ಆ ಹೊತ್ತಿಗೆ ಮಗುವೇ ಐದು ಮಕ್ಕಳ ಮನೆ ಕಟ್ಟಿಕೊಂಡಿದ್ದರೆ ಯಾವ ಮನೆಗೆ ಕರೆತರೋದು? 1799ರಲ್ಲಿ ಕ್ರೀಕರ ಮಹಾಸಭೆಯಲ್ಲಿ ಇಲ್ಲೇ ಇರುತ್ತೇನೆ ಅಂತ ಅವಳೇ ಹೇಳಿದಳು. ದನಕರುಗಳ ಸಮೇತ ಅವಳಿಗೆ ಒಳ್ಳೆ ಜಾಗ ಹುಡುಕಿಕೊಡು, ಯಾರೂ ಅವಮಾನ ಮಾಡದ ಹಾಗೆ ನೋಡಿಕೋ ಅಂತ ಹಾಕಿನ್ಸ್ ಹೊಪೊಯಿಥ್ಲೆ ಹಾಜೊ ಎಂಬವನಿಗೆ ಜವಾಬ್ದಾರಿ ವಹಿಸಿದ.