‘ಮದುಮಗಳು ಯಾವಾಗ ಟೀವಿಗೆ ಬರ್ತಾಳೆ?’

ನಾನು ಟೀವಿಗೆ ಚಿತ್ರಕತೆ ಬರೆಯುವವನು. ಹೆಚ್ಚಿನ ಕೆಲಸ ಹಳೇ ಕಾದಂಬರಿಗಳನ್ನು ಧಾರಾವಾಹಿ ಮಾಡುವುದು. ಊರು ತೀರ್ಥಹಳ್ಳಿ ಕಡೆ. ಇಷ್ಟು ಗೊತ್ತಾದರೆ ಸಾಕು, ಶಿವಮೊಗ್ಗದಿಂದ ಆಗುಂಬೆವರೆಗೆ ಯಾರೇ ಸಿಗಲಿ, ಮುಂದಿನ ಮಾತು ಒಂದೇ: ‘ಕುವೆಂಪು ಅವರ ಮಲೆಗಳಲ್ಲಿ ಮದುಮಗಳನ್ನ ಯಾವಾಗ ಸೀರಿಯಲ್ ಮಾಡ್ತೀರಿ?’ ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಕೇಳುತ್ತಾರೆ. ಅಡಿಕೆ ಮಂಡಿಯಲ್ಲಿ ಕೇಳುತ್ತಾರೆ. ಹಲ್ಲು ಕೀಳಿಸಿಕೊಳ್ಳಲು ಹೋದಾಗ ಡಾಕ್ಟರೂ ಕೇಳಿದ್ದಾರೆ. ಬಾಯಲ್ಲಿ ಇಕ್ಕಳ ಇದ್ದದ್ದರಿಂದ ಬಚಾವಾದೆ.

ನನ್ನ ಉತ್ತರ: ನಾನು ಮಾಡಲ್ಲ. ದಿನಾ ಬರುವ ಸೀರಿಯಲ್ಲಾಗಿ ಅಂತೂ ಖಂಡಿತ ಇಲ್ಲ. ದುಡ್ಡಿನ ಕಾರಣ, ಮಳೆಯ ಕಾರಣ ಎಲ್ಲ ಆಮೇಲಿನದು. ಅಸಲಿ ಕಾರಣ ಪುಸ್ತಕದ ಒಳಗೇ ಇದೆ.

ನಮ್ಮ ಕಸುಬು ಅಂದರೆ ದಪ್ಪ ಪುಸ್ತಕವನ್ನು ಸಣ್ಣದು ಮಾಡುವುದು ಅಂತ ಜನ ತಿಳಿದಿದ್ದಾರೆ. ಡೈಲಿ ಸೀರಿಯಲ್‌ನಲ್ಲಿ ಆಗುವುದು ಉಲ್ಟಾ. ಜಾಹೀರಾತು ಕಳೆದರೆ ಒಂದು ಎಪಿಸೋಡು ಸುಮಾರು 22 ನಿಮಿಷ. ವಾರಕ್ಕೆ ಐದಾರು ಎಪಿಸೋಡು. 300 ಪುಟದ ಕಾದಂಬರಿಯ ಘಟನೆಗಳು ಕೆಲವೇ ತಿಂಗಳಲ್ಲಿ ಖಾಲಿ. ಆಮೇಲೆ ಎಳೆಯಬೇಕು. ಎಳೆಯಬೇಕಾದರೆ ಒಬ್ಬ ವ್ಯಕ್ತಿ ಬೇಕು. ಒನ್‌ಲೈನ್, ಅಂದರೆ ಕತೆಯ ಸಾರ ಬರೆಯುವವರು ಒಬ್ಬರು, ಸೀನ್ ಮಾಡುವವರು ಇನ್ನೊಬ್ಬರು, ಡೈಲಾಗ್ ಮತ್ತೊಬ್ಬರದ್ದು. ಇವರೆಲ್ಲ ಬೆಳಿಗ್ಗೆ ಎದ್ದು ಕೇಳಿಕೊಳ್ಳುವುದು ‘ಇವತ್ತು ಅವಳಿಗೆ ಏನಾಗುತ್ತೆ?’ ಅಂತ. ಆ ‘ಅವಳು’ ಯಾರು ಅಂತ ಮೊದಲ ಮೀಟಿಂಗಿನಲ್ಲೇ ಹೇಳಿಬಿಡಬೇಕು. ಹೇಳದಿದ್ದರೆ ಚಾನೆಲ್‌ನವರು ಕಾಫಿ ಮುಗಿಸಿ ಎದ್ದುಬಿಡುತ್ತಾರೆ.

ಇದರಲ್ಲಿ ಚಾನೆಲ್‌ನವರದ್ದೇ ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಕಾದಂಬರಿಯಲ್ಲಿ ಅರ್ಧ ಕೆಲಸ ಮಾಡುವುದು ಕತೆ ಹೇಳುವವರ ದನಿ. ಅವರು ನಗುತ್ತಾರೆ, ಬೈಯುತ್ತಾರೆ, ಪಾತ್ರಕ್ಕೇ ಗೊತ್ತಿಲ್ಲದ್ದನ್ನು ನಮಗೆ ಹೇಳುತ್ತಾರೆ. ಟೀವಿಯಲ್ಲಿ ಆ ದನಿ ಇರುವುದಿಲ್ಲ. ಅದನ್ನು ಯಾರದ್ದಾದರೂ ಬಾಯಿಗೋ ಮುಖಕ್ಕೋ ಹಾಕಬೇಕು. ಯಾರ ಮುಖ ಅನ್ನುವುದೇ ಚಿತ್ರಕತೆಯ ಮೊದಲ ತೀರ್ಮಾನ. ಬ್ರಿಟನ್ನಿನ ಆಂಡ್ರ್ಯೂ ಡೇವಿಸ್ ಈ ಕೆಲಸದಲ್ಲೇ ಹೆಸರು ಮಾಡಿದವರು. 1995ರಲ್ಲಿ ಬಿಬಿಸಿಗೆ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಅನ್ನು ಆರು ಕಂತಿನಲ್ಲಿ ಬರೆದರು. ಅದರಲ್ಲಿ ನಾಯಕ ಡಾರ್ಸಿ ಕೆರೆಗೆ ಧುಮುಕುವ ದೃಶ್ಯ ಲೋಕಕ್ಕೆಲ್ಲ ನೆನಪಿದೆ. ಮೂಲ ಕಾದಂಬರಿ ಬರೆದ ಜೇನ್ ಆಸ್ಟೆನ್ ಆ ದೃಶ್ಯವನ್ನು ಬರೆದೇ ಇಲ್ಲ. ಕಾದಂಬರಿಯಲ್ಲಿ ನಾವು ಹೆಚ್ಚಾಗಿ ನಾಯಕಿ ಎಲಿಜಬೆತ್ ಪಕ್ಕದಲ್ಲೇ ಇರುತ್ತೇವೆ. ಡೇವಿಸ್ ಅವಳಿಲ್ಲದ ಕಡೆಯೂ ಡಾರ್ಸಿಯ ಹಿಂದೆ ಹೋದರು. ಮುಖ ಬದಲಾದ ಕೂಡಲೇ ಹೊಸ ದೃಶ್ಯಗಳು ತಾವಾಗಿ ಹುಟ್ಟಿದವು. ‘ಮೂಲದಲ್ಲಿ ಇಲ್ಲದ್ದು ಯಾಕೆ?’ ಅಂತ ನನ್ನನ್ನು ಬೈಯುವವರಿಗೂ ಇದೇ ಉತ್ತರ, ಈಗಲೇ ಹೇಳಿಬಿಟ್ಟೆ.

ನಮ್ಮಲ್ಲೂ ಚೆನ್ನಾಗಿ ಆದದ್ದು ಇದೆ. ಎಸ್.ಎಲ್. ಭೈರಪ್ಪ ಅವರ ‘ಗೃಹಭಂಗ’ವನ್ನು ಟೀವಿಗೆ ತಂದವರು ಗಿರೀಶ್ ಕಾಸರವಳ್ಳಿ, ನಮ್ಮ ತೀರ್ಥಹಳ್ಳಿ ತಾಲೂಕಿನವರೇ. ಆ ಕಾದಂಬರಿಯಲ್ಲಿ ಪ್ಲೇಗು, ಬರ, ಸಾಲ, ಜಗಳ ಎಲ್ಲ ಬಂದು ಬೀಳುವುದು ನಂಜಮ್ಮನ ತಲೆ ಮೇಲೆ. ಅವಳನ್ನು ಹಿಡಿದರೆ ಕತೆ ಪೂರ್ತಿ ಕೈಗೆ ಬರುತ್ತದೆ. ಆಗುಂಬೆಯ ದೊಡ್ಡಮನೆಯಲ್ಲಿ ಶಂಕರ್‌ನಾಗ್ ತೆಗೆದ ‘ಮಾಲ್ಗುಡಿ ಡೇಸ್’ ಬೇರೆ ಜಾತಿಯದು. ಆರ್.ಕೆ. ನಾರಾಯಣ್ ಅವರ ಎಷ್ಟೋ ಸಣ್ಣಕತೆಗಳು ಒಂದೊಂದು ಕಂತಿನಲ್ಲಿ ಮುಗಿಯುತ್ತವೆ. ನೋಡುವವರು ನಾಳೆಗೆ ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ. ಪ್ರಶ್ನೆ ಕೇಳುವ ನಮ್ಮ ಕಡೆಯ ಜನರ ಮನಸ್ಸಿನಲ್ಲಿ ಇರುವುದು ಅದೇ ಸೀರಿಯಲ್ಲು ಅಂತ ನನ್ನ ಗುಮಾನಿ. ‘ಆಗುಂಬೇಲಿ ಅಷ್ಟು ಚಂದ ಬಂದಿತ್ತಲ್ಲ, ಇದೂ ಹಂಗೇ ಬತ್ತದೆ’ ಅಂತಾರೆ. ಬರಲ್ಲ.

1967ರ ‘ಮಲೆಗಳಲ್ಲಿ ಮದುಮಗಳು’ ನಾನು ಹೇಳಿದ ಈ ‘ಒಂದು ಮುಖ’ವನ್ನೇ ಒಪ್ಪುವುದಿಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ ಅಂತ ಕುವೆಂಪು ಶುರುವಿನಲ್ಲೇ ಹೇಳಿಬಿಟ್ಟಿದ್ದಾರೆ. ಅದು ಸುಮ್ನೆ ಹೇಳಿದ ಮಾತಲ್ಲ. ನಾಯಿಗುತ್ತಿ ಅನ್ನುವ ಆಳು ತಾನು ಇಷ್ಟಪಟ್ಟ ತಿಮ್ಮಿಯನ್ನು ಹಾರಿಸಿಕೊಂಡು ಬರಲು ಹೊರಡುತ್ತಾನೆ. ನಾವು ಅವನ ಹಿಂದೆ, ಅವನ ನಾಯಿ ಹುಲಿಯನ ಹಿಂದೆ ಹೊರಡುತ್ತೇವೆ. ಸ್ವಲ್ಪ ಹೊತ್ತಿಗೆ ಗುತ್ತಿ ಕೈಬಿಟ್ಟು ಹೋಗುತ್ತಾನೆ. ಯಾವುದೋ ಗೌಡರ ಮನೆ ಬರುತ್ತದೆ. ಮುಕುಂದಯ್ಯ, ಚಿನ್ನಮ್ಮ ಬರುತ್ತಾರೆ. ಘಟ್ಟದ ಕೆಳಗಿನಿಂದ ಬಂದ ಐತ, ಪೀಂಚಲು ಬರುತ್ತಾರೆ. ಎಷ್ಟೋ ಪುಟ ಆದಮೇಲೆ ಗುತ್ತಿ ಮತ್ತೆ ಸಿಗುತ್ತಾನೆ. ಕಾಡುದಾರಿಯಲ್ಲಿ ನಡೆಯುವಾಗ ಆಗುವುದೂ ಹೀಗೇ ಅಲ್ವಾ? ಓದುಗ ತಾಳ್ಮೆಯಿಂದ ಕಾಯುತ್ತಾನೆ, ಯಾಕೆಂದರೆ ಕತೆ ಹೇಳುವ ದನಿ ಅವನ ಕೈ ಹಿಡಿದಿರುತ್ತದೆ. ಟೀವಿಯಲ್ಲಿ ಆ ಕೈ ಇಲ್ಲ. ಸೋಮವಾರ ಗುತ್ತಿಯನ್ನು ತೋರಿಸಿ ಮುಂದಿನ ತಿಂಗಳವರೆಗೆ ಮಾಯ ಮಾಡಿದರೆ ಗುರುವಾರದ ಟಿಆರ್‌ಪಿ ನೋಡುವುದೇ ಬೇಡ. ಹಾಗಂತ ಚಿನ್ನಮ್ಮನನ್ನು ನಾಯಕಿ ಮಾಡಿ ಉಳಿದವರನ್ನು ಅವಳ ಸುತ್ತ ನಿಲ್ಲಿಸಬಹುದು. ಸುಲಭ, ನಾಳೆಯೇ ಬರೆದುಕೊಡಬಲ್ಲೆ. ಆದರೆ ಆಗ ಗುತ್ತಿ ಬರೀ ಆಳು, ಹುಲಿಯ ಬರೀ ನಾಯಿ. ತುಂಗೆಯ ಪ್ರವಾಹದಲ್ಲಿ ಆ ನಾಯಿ ಕೊಚ್ಚಿಹೋಗುವಾಗ ಓದುಗನಿಗೆ ಆಗುವ ಸಂಕಟ, ಅದಕ್ಕೆ ಗೌಡರ ಮಗಳು ಚಿನ್ನಮ್ಮನಷ್ಟೇ ಜಾಗ ಕೊಟ್ಟಿದ್ದರಿಂದ ಆದದ್ದು.

‘ನಾಟಕ ಮಾಡಿದಾರಲ್ಲ, ಅದು ಹೆಂಗಾಯ್ತು?’ ಅಂತ ಕೆಲವರು ಪಾಟಿ ಸವಾಲು ಹಾಕುತ್ತಾರೆ. ಒಳ್ಳೇ ಪ್ರಶ್ನೆ. ಕೆ.ವೈ. ನಾರಾಯಣಸ್ವಾಮಿ ರಂಗರೂಪ, ಸಿ. ಬಸವಲಿಂಗಯ್ಯ ನಿರ್ದೇಶನ, ಹಂಸಲೇಖ ಸಂಗೀತ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಶುರುವಾಗಿ ಆಮೇಲೆ ಬೆಂಗಳೂರಿಗೂ ಬಂತು. ಸುಮಾರು 9 ಗಂಟೆಯ ನಾಟಕ, ಇಡೀ ರಾತ್ರಿ. ಅವರು ಕಳೆದುಹೋದ ದನಿಯನ್ನು ಹಾಡಿಗೆ, ಹಾಡಿ ಕತೆ ಹೇಳುವವರಿಗೆ ಕೊಟ್ಟರು. ಜನ ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ನಡೆದರು. ಬೆಳಗಿನವರೆಗೆ ಕೂರುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿ ಟಿಕೆಟ್ ತಗೊಂಡು ಬಂದವರು ಅವರು. ನನ್ನ ಪ್ರೇಕ್ಷಕರ ಒಂದು ಕಣ್ಣು ಒಲೆ ಮೇಲಿನ ಹಾಲಿನ ಮೇಲೆ ಇರುತ್ತದೆ. ಅವರ ಮೇಲೆ ನನಗೆ ಕೋಪವಿಲ್ಲ, ಹಾಲು ಉಕ್ಕಿದರೆ ನಷ್ಟ ಅವರಿಗೇ.

ಉಳಿದ ಅಡ್ಡಿಗಳನ್ನು ಬೇಗ ಹೇಳುತ್ತೇನೆ. ಹಕ್ಕು: ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ 2054ರ ಕೊನೆಯವರೆಗೆ ಅನುಮತಿ ಬೇಕು. ಬಿಬಿಸಿಯವರು ಡಿಕನ್ಸ್, ಆಸ್ಟೆನ್ ಅಂತ ಮತ್ತೆ ಮತ್ತೆ ತೆಗೆಯಲು ಯಾರನ್ನೂ ಕೇಳಬೇಕಿಲ್ಲ. ಒಬ್ಬರದ್ದು ಸರಿಬರದಿದ್ದರೆ ಹತ್ತು ವರ್ಷಕ್ಕೆ ಇನ್ನೊಬ್ಬರು ಮಾಡುತ್ತಾರೆ. ನಮಗೆ ಅಷ್ಟು ಅವಕಾಶ ಸಿಗಲ್ಲ.

ಮಳೆ: ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ, ಆದರೂ ಮಳೆ ಸೀನಿಗೆ ನಾವು ಟ್ಯಾಂಕರ್ ತರಿಸುತ್ತೇವೆ. ಹಿಂದಿನಿಂದ ಲೈಟ್ ಬೀಳದ ಮಳೆ ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದೇ ಇಲ್ಲ. ಊರಿನವರು ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಮಾತು: ಆ ಪುಸ್ತಕದಲ್ಲಿ ಗೌಡರ ಮಾತು ಬೇರೆ, ಹೊಲೆಗೇರಿಯ ಮಾತು ಬೇರೆ, ಘಟ್ಟದ ಕೆಳಗಿನವರದ್ದು ಬೇರೆ. ‘ಎಲ್ಲರಿಗೂ ಅರ್ಥ ಆಗುವ ಕನ್ನಡ’ ಬೇಕು ಅಂತ ಒಂದು ಫೋನ್ ಬಂದರೆ ಮುಗಿಯಿತು, ಎಲ್ಲರೂ ಬೆಂಗಳೂರಿನ ಬಡಾವಣೆಯವರ ಹಾಗೆ ಮಾತಾಡಬೇಕಾಗುತ್ತದೆ. ನನ್ನ ಒಂದು ಸೀರಿಯಲ್ಲಿಗೆ ಹಾಗೇ ಆಗಿದೆ.

ಹಾಗಾದರೆ ದಾರಿಯೇ ಇಲ್ಲವಾ? ಇದೆ. ಡೇವಿಸ್ 2005ರಲ್ಲಿ ಡಿಕನ್ಸ್‌ನ ‘ಬ್ಲೀಕ್ ಹೌಸ್’ ಅನ್ನು ಬಿಬಿಸಿಗೆ 15 ಕಂತು ಮಾಡಿದರು. ಮೊದಲನೆಯದು ಒಂದು ಗಂಟೆ, ಉಳಿದದ್ದು ಅರ್ಧರ್ಧ ಗಂಟೆ. ಅಲ್ಲೂ ಜನಜಂಗುಳಿ, ಅಲ್ಲೂ ಕತೆ ಕವಲು ಕವಲು. ಡಿಕನ್ಸ್ ಅದನ್ನು 1852-53ರಲ್ಲಿ ತಿಂಗಳು ತಿಂಗಳು ಕಂತಾಗಿಯೇ ಬರೆದದ್ದರಿಂದ ತುಂಡು ಮಾಡುವ ಜಾಗಗಳು ಮೊದಲೇ ಇದ್ದವು. ಮದುಮಗಳಿಗೆ ಅಂಥ ಜಾಗ ನಾವೇ ಹುಡುಕಬೇಕು. ಯಾರಾದರೂ 15 ಕಂತು, ಕೊನೆ ಗೊತ್ತಿರುವ ಸೀರಿಯಲ್ಲು, ಒಂದೊಂದು ಕಂತಿಗೆ ಒಬ್ಬೊಬ್ಬರ ಮುಖ ಅಂತ ಒಪ್ಪಿದರೆ ನಾನು ಪೆನ್ನು ತೆಗೆಯುತ್ತೇನೆ. ಒಂದು ಕಂತು ಪೂರ್ತಿ ಪೀಂಚಲುವಿಗೆ. ಹುಲಿಯನಿಗೂ ಒಂದು.

ಹಾಗೆ ಮಾಡಿದರೂ ಸುಮಾರು 700 ಪುಟದಲ್ಲಿ ಎಷ್ಟೋ ಬಿಡಬೇಕಾಗುತ್ತದೆ. ಅದಕ್ಕೇ ಈಗ ಯಾರಾದರೂ ಕೇಳಿದರೆ ನಾನೇ ತಿರುಗಿ ಕೇಳುತ್ತೇನೆ: ‘ಯಾರನ್ನ ಬಿಡಲಿ, ಹೇಳಿ?’ ಹೆಚ್ಚಿನವರು ಸ್ವಲ್ಪ ಯೋಚನೆ ಮಾಡಿ, ‘ಆ ಪಾದ್ರಿ ಭಾಗ ಬಿಟ್ಟರೆ ಆಗ್ತದೆ’ ಅಂತಾರೆ. ‘ಸರಿ, ಪಾದ್ರಿ ಹೋದರೆ ದೇವಯ್ಯನ ಬೀಸೆಕಲ್ಲು ಸವಾರಿಯೂ ಹೋಗುತ್ತೆ, ಆಗಬಹುದಾ?’ ಅಂತೀನಿ. ಬೀಸೆಕಲ್ಲು ಅಂದರೆ ಆ ಹಳ್ಳಿಯವರ ಬಾಯಲ್ಲಿ ಬೈಸಿಕಲ್ಲು. ಅದನ್ನು ಬಿಡಲು ಇದುವರೆಗೆ ಒಬ್ಬರೂ ಒಪ್ಪಿಲ್ಲ.