ಚೇಳಿಗೆ ಕಾಲು ಸೋತಿವೆ

2025 ನವೆಂಬರ್ 15, ಶನಿವಾರ
ಹುಬ್ಬಳ್ಳಿ, ರಾತ್ರಿ 10.40

ಇವತ್ತು ಗ್ಯಾರೇಜಿನ ಚಾಚಾ ಒಂದು ಪ್ರಶ್ನೆ ಕೇಳಿದರು. ಸಂಜೆಯಿಂದ ಅದೇ ತಲೆಯಲ್ಲಿ ಕೂತಿದೆ.

"ಗಾಡ್ಯಾಗ ಏನ್ ಕಮ್ಮಿ ಆಗೇತಿ, ಅದನ್ನ ಹೇಳ್ರಿ ಮೊದಲ. ನಿಮಗೇನ್ ಬೇಕಾಗೇತಿ ಅನ್ನೂದು ಆಮ್ಯಾಲ ನೋಡೂಣು."

ನನ್ನ ಹತ್ತಿರ ಬೇಕಾದದ್ದರ ಪಟ್ಟಿ ಇತ್ತು. ಎರಡು ತಿಂಗಳಿಂದ ಓದಿ ಓದಿ ಬಾಯಿಪಾಠ ಆಗಿತ್ತು. ನಮ್ಮ ಫಿಯಟ್ ಅಬಾರ್ತ್ ಪುಂಟೋ ಕಾರಿನ 1.4 ಲೀಟರ್ ಟರ್ಬೋ ಎಂಜಿನ್ 145 ಎಚ್‌ಪಿ ಕೊಡುತ್ತದೆ. ಅದೇ ಬಳಗದ ಎಂಜಿನ್ ಯುರೋಪಿನಲ್ಲಿ 180ರ ತನಕ ಹೋಗಿದೆ. ಅಂದ ಮೇಲೆ ನಮ್ಮದರಲ್ಲೂ ಇನ್ನೂ ದಮ್ ಉಳಿದಿದೆ, ಅಲ್ವಾ? ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದನ್ನು ರೀಮ್ಯಾಪ್ ಮಾಡಿಸುವುದು, ಏರ್ ಫಿಲ್ಟರ್ ಬದಲಿಸುವುದು, ಸೈಲೆನ್ಸರ್ ಬದಲಿಸುವುದು. ಹೊಸ ಗಾಡಿಯ ಸಾಲದ ಬದಲು ಇಷ್ಟು ಖರ್ಚಿನಲ್ಲಿ ಹೊಸ ಗಾಡಿಯ ಖುಷಿ. ಇದು ನನ್ನ ಲೆಕ್ಕವಾಗಿತ್ತು.

ಬಾಯಿ ತೆರೆದೆ. ಆದರೆ ಬಂದದ್ದು ಅರಬೈಲ್ ಘಟ್ಟದ ಮಾತು.

ಇದನ್ನು ಇಲ್ಲಿ ಬರೆದಿರಲಿಲ್ಲ. ಬರೆಯುವ ಮನಸ್ಸೇ ಆಗಿರಲಿಲ್ಲ. ರಾಜ್ಯೋತ್ಸವದ ರಜೆಗೆ ಗೋಕರ್ಣಕ್ಕೆ ಹೊರಟಿದ್ದೆವು. ಕಲಘಟಗಿ, ಯಲ್ಲಾಪುರ ದಾಟಿ ಘಟ್ಟ ಇಳಿಯುತ್ತಿದ್ದೆವು. ಮುಂದೆ ಲಾರಿಗಳ ಸಾಲು. ಹಿಡಿ, ಬಿಡು, ಹಿಡಿ, ಬಿಡು. ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಯಿತು. ಗಾಡಿ ನಿಧಾನ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಇನ್ನೂ ಕೆಳಗೆ ಹೋಯಿತು. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಎಡಗಡೆ ಮಣ್ಣಿಗೆ ಇಳಿಸಿದೆ. ನಿಂತಿತು. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಮಗಳು ಸಣ್ಣಾಕಿ ಹಿಂದಿನ ಸೀಟಿನಲ್ಲಿ ಮಲಗಿದ್ದಳು, ಏಳಲೇ ಇಲ್ಲ. ನನ್ನ ಹೆಂಡತಿ ಎರಡೂ ಕೈ ಡ್ಯಾಶ್‌ಬೋರ್ಡ್ ಮೇಲೆ ಊರಿ ಕೂತಿದ್ದಳು. ಕೂಗಲಿಲ್ಲ, ಬೈಯಲಿಲ್ಲ. ಅರ್ಧ ತಾಸು ಬಿಟ್ಟು ನೋಡಿದರೆ ಪೆಡಲ್ ಮತ್ತೆ ಗಟ್ಟಿಯಾಗಿತ್ತು. ಹಾಗೇ ಹೊರಟೆವು. ಆ ದಿನದಿಂದ ಇವತ್ತಿನ ತನಕ ಅವಳು ಆ ವಿಷಯ ಎತ್ತಿರಲಿಲ್ಲ.

ಚಾಚಾ ಎಲ್ಲ ಕೇಳಿಸಿಕೊಂಡು ಬಾನೆಟ್ ತೆಗೆದರು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತಿರುಗಿಸಿ ನನ್ನನ್ನು ಕರೆದರು. "ಇದರ ಬಣ್ಣ ಜೇನುತುಪ್ಪದಂಗ ಇರಬೇಕ್ರಿ. ಇದು ಚಹಾ ಆಗೇತಿ."

ನಿಜವಾಗಿಯೂ ಚಹಾದ ಬಣ್ಣವೇ. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನ ಅಂಶ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಬ್ರೇಕ್ ಪ್ಯಾಡ್ ಕಾದು ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತವೆ. ನಾವು ಒತ್ತುವುದು ಆ ಗುಳ್ಳೆಗಳನ್ನು, ಪ್ಯಾಡನ್ನಲ್ಲ. ತಣ್ಣಗಾದರೆ ಗುಳ್ಳೆ ಹೋಗುತ್ತದೆ, ಪೆಡಲ್ ವಾಪಸ್ ಬರುತ್ತದೆ, ಏನೂ ಆಗಿಲ್ಲ ಅನಿಸುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ನನ್ನ ಫೈಲಿನಲ್ಲಿ ಬ್ರೇಕ್ ಆಯಿಲ್ ಬದಲಿಸಿದ ಕೊನೆಯ ಬಿಲ್ಲು 2020ರದು. ಪ್ರತಿ ಭಾನುವಾರ ಗಾಡಿ ತೊಳೆಯುತ್ತೇನೆ, ಪಾಲಿಶ್ ಮಾಡುತ್ತೇನೆ. ಐದು ವರ್ಷ ಆ ಮುಚ್ಚಳ ತೆಗೆಸಿ ನೋಡಲಿಲ್ಲ. ಹಿಂದೆ ಮಗಳು ಮಲಗಿದ್ದಳು.

ಚಾಚಾ ಅಲ್ಲಿಗೇ ಬಿಡಲಿಲ್ಲ. ಟೈರಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ನಂಬರಿನ ಮೇಲೆ ಬೆರಳಿಟ್ಟರು. 3218. ಅಂದರೆ 2018ರ 32ನೇ ವಾರ ಮಾಡಿದ ಟೈರು. ಏಳು ವರ್ಷ. ಟೈರಿನ ಬಟನ್ ಇನ್ನೂ ಸವೆದಿಲ್ಲ, ಅದಕ್ಕೇ ನಾನು ಯೋಚನೆ ಮಾಡಿರಲಿಲ್ಲ. "ಉಗುರು ಒತ್ತಿ ನೋಡ್ರಿ. ರಬ್ಬರ್ ಕಲ್ಲಾಗೇತಿ." ಮುಂದಿನ ಎರಡೂ ಶಾಕಪ್ ಎಣ್ಣೆ ಉಗುಳಿವೆ. ಸಸ್ಪೆನ್ಶನ್ ಕೀಲಿನ ರಬ್ಬರ್ ಬುಶ್ ಹರಿದಿವೆ. ಆಮೇಲೆ ಬಾನೆಟ್ ಮೇಲಿನ ಚೇಳಿನ ಲಾಂಛನ ತೋರಿಸಿ ಹೇಳಿದರು. "ಇದರ ಕೊಂಡಿ ಇನ್ನೂ ಗಟ್ಟಿ ಐತಿ. ಕಾಲು ಸೋತಾವ."

ರೀಮ್ಯಾಪ್ ಬಗ್ಗೆ ಕೇಳಿದೆ, ಕೇಳದೆ ಇರಲು ಆಗಲಿಲ್ಲ. ಬೇಡ ಅನ್ನಲಿಲ್ಲ ಅವರು. ಕ್ಲಚ್ ತಡೆಯುತ್ತಾ ನೋಡಬೇಕು, ಪೆಟ್ರೋಲ್ 95 ಆಕ್ಟೇನಿನದೇ ಹಾಕಬೇಕು, ಇನ್ಶೂರೆನ್ಸಿನವರಿಗೆ ತಿಳಿಸಬೇಕು ಅಂದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನನಗೂ ಗೊತ್ತು, ಕಂಪನಿ ಕೊಟ್ಟ ರೂಪ ಬದಲಿಸಿದರೆ ತಕರಾರು. ಅದೇ ಅಳತೆಯ ಟೈರು, ಒಳ್ಳೆಯ ಪ್ಯಾಡು, ಹೊಸ ಆಯಿಲ್ ಹಾಕಿದರೆ ಯಾರ ತಕರಾರೂ ಇಲ್ಲ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಭಾಗ ಮಾತ್ರ ಜಾಸ್ತಿ. ಬ್ರೇಕ್ ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟು ದಾಟುತ್ತದೆ. ಈ ಲೆಕ್ಕ ಕಾಲೇಜಿನಲ್ಲೇ ಕಲಿತಿದ್ದೆ.

ಎಲ್ಲ ಸೇರಿ 75 ಸಾವಿರದ ಹತ್ತಿರ ಆಗಬಹುದು. ಗಾಡಿ ಅಲ್ಲೇ ಬಿಟ್ಟು ಬಂದೆ. ಗೋಕುಲ ರೋಡಿನಿಂದ ಆಟೋ.

ಆಟೋದಲ್ಲಿರುವಾಗಲೇ ಧಾರವಾಡದಿಂದ ಭಾವನ ಫೋನು. "ಹತ್ತು ವರ್ಷ ಆತಲ್ಲೋ. ಫಿಯಟ್ ಗಾಡಿ ಮಾರೂದ ಬಂದ್ ಆಗೇತಿ. ಕೊಟ್ಟು ಹೊಸಾದು ತಗೋ, ಸುಮ್ನ ರೊಕ್ಕಾ ಹಾಕಬ್ಯಾಡ." ಪ್ರೀತಿಯಿಂದಲೇ ಹೇಳಿದ, ಗೊತ್ತು. ಆದರೆ ಹೊಸದು ಅಂದರೆ ಯಾವುದು? ನನ್ನ ಕೈಗೆ ಸಿಗುವ ಹ್ಯುಂಡೈ ಐ20 ಎನ್ ಲೈನಿನಲ್ಲಿ 120 ಎಚ್‌ಪಿ ಇದೆ. ನನ್ನದರಲ್ಲಿ 145. ನನಗೆ ನಿಜವಾಗಿ ಬೇಕಾದದ್ದು ಈ ವರ್ಷ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. ಅದರ ಬೆಲೆ 53 ಲಕ್ಷದ ಹತ್ತಿರ. 2015ರಲ್ಲಿ ಅಬಾರ್ತ್ ಪುಂಟೋ ಬಂದಾಗ ಶೋರೂಂ ಬೆಲೆ 10 ಲಕ್ಷದ ಒಳಗಿತ್ತು. ನಮ್ಮ ಗಾಡಿಯ ಆರ್‌ಸಿ 2031ರ ತನಕ ಇದೆ. ಇನ್ನೂ ಐದು ವರ್ಷ ಜಾಸ್ತಿ. ಯಾಕೆ ಬಿಡಬೇಕು?

ಇವತ್ತು ನಮ್ಮ ಗಾಡಿಗೆ ಹೆಸರು ಕೊಟ್ಟ ಕಾರ್ಲೋ ಅಬಾರ್ತ್ ಹುಟ್ಟಿದ ದಿನ. 1908ರ ನವೆಂಬರ್ 15, ವಿಯೆನ್ನಾದಲ್ಲಿ. ವೃಶ್ಚಿಕ ರಾಶಿ ಅಂತ ಚೇಳನ್ನೇ ಗುರುತು ಮಾಡಿಕೊಂಡ. 1949ರಲ್ಲಿ ಕಂಪನಿ ಕಟ್ಟಿದ. ಹೆಸರು ಮಾಡಿದ್ದು ಸೈಲೆನ್ಸರ್ ಮಾರಿ, ಸಣ್ಣ ಫಿಯಟ್ ಗಾಡಿಗಳನ್ನು ಚುರುಕು ಮಾಡುವ ಬಿಡಿಭಾಗಗಳ ಪೆಟ್ಟಿಗೆ ಮಾರಿ. ಮನೆಯಲ್ಲಿರುವ ಗಾಡಿಯನ್ನೇ ಇನ್ನೂ ಚೆನ್ನಾಗಿ ಓಡಿಸಿ ಅನ್ನುವುದೇ ಅವನ ವ್ಯಾಪಾರ. 1965ರಲ್ಲಿ, ಐವತ್ತೇಳರ ಹೊಸ್ತಿಲಲ್ಲಿ, ದಾಖಲೆ ಓಟದ ಗಾಡಿಯೊಳಗೆ ಹಿಡಿಸಲು ಸೇಬು ತಿಂದು 30 ಕಿಲೋ ಇಳಿಸಿದ. ಗಾಡಿಯನ್ನು ದೊಡ್ಡದು ಮಾಡಲಿಲ್ಲ. ಈ ಕಥೆ ನನಗೆ ಯಾವಾಗಲೂ ಇಷ್ಟ. ಇವತ್ತು ಬೇರೆ ಥರ ಕೇಳಿಸುತ್ತಿದೆ.

ಊಟ ಆದ ಮೇಲೆ ಇವಳಿಗೆ ಎಲ್ಲ ಹೇಳಿದೆ. ಆಯಿಲ್, 2020ರ ಬಿಲ್ಲು, ಟೈರು. ತಪ್ಪು ನನ್ನದು ಅಂತಲೂ ಹೇಳಿದೆ. ಬಟ್ಟೆ ಮಡಚುತ್ತಿದ್ದಳು. ಮಡಚುತ್ತಲೇ ಕೇಳಿದಳು.

"ಮತ್ತ ಆ ಘಟ್ಟ ಇಳೀತೇವೇನು?"

ಇಳಿಯಬೇಕಲ್ಲ ಅಂದೆ.

"ಹಂಗಾರ ನಾ ಇಳಸ್ತೀನಿ. ಅವತ್ತು ನನ್ನ ಕಡೆ ಒತ್ತಲಿಕ್ಕೆ ಪೆಡಲ್ ಇರಲಿಲ್ಲ. ಅದಕ್ಕ ಅಷ್ಟ್ ಅಂಜಿಕಿ ಆತು."

ಎರಡು ವಾರ ನಾನು ಅವಳ ಸುಮ್ಮನಿರುವಿಕೆಯನ್ನು ಸಿಟ್ಟು ಅಂದುಕೊಂಡಿದ್ದೆ.

ಅವಳು ಈ ಗಾಡಿ ಓಡಿಸಿ ನಾಲ್ಕು ವರ್ಷ ಆಗಿರಬೇಕು. ಸಣ್ಣಾಕಿ ಆದ ಮೇಲೆ ಬಿಟ್ಟೇಬಿಟ್ಟಳು, ನಾನೂ ಕೀಲಿ ಕೊಡಲಿಲ್ಲ. ಕ್ಲಚ್ ಸ್ವಲ್ಪ ಬಿರುಸು. ಮೊದಲು ನವನಗರದ ಕಡೆ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಲಿ. ಸೀಟು ಪೂರ್ತಿ ಮುಂದೆ ಎಳೆಯಬೇಕಾಗುತ್ತದೆ. ಇಷ್ಟು ವರ್ಷ ಹಿಂದೆಯೇ ಇದ್ದ ಸೀಟು, ಹಳಿ ಜಾಮ್ ಆಗಿದೆಯೋ ಏನೋ. ಚಾಚಾಗೆ ಹೇಳಬೇಕು, ಬ್ರೇಕಿನ ಜೊತೆ ಅದಕ್ಕೂ ಒಂಚೂರು ಗ್ರೀಸ್. ನಾಳೆ ಭಾನುವಾರ, ಗ್ಯಾರೇಜ್ ತೆಗೆಯುವುದಿಲ್ಲ. ಸೋಮವಾರ ಎದ್ದ ಕೂಡಲೇ