ಲೈಟ್ ಆರಿದ ಮೇಲೆ ಅಕ್ವೇರಿಯಂನಲ್ಲಿ ನೋಡೋಕೆ ಏನಿರುತ್ತೆ?

ನಮ್ಮ ಮನೆಯಲ್ಲಿ ಹವಳದ ಅಕ್ವೇರಿಯಂ ಇದೆ, ರಾತ್ರಿ ನಾನು ಟಾರ್ಚ್ ಹಿಡಿದು ಅದರ ಮುಂದೆ ಕೂರುತ್ತೇನೆ ಅಂತ ಗೊತ್ತಾದವರೆಲ್ಲ ಇದೇ ಪ್ರಶ್ನೆ ಕೇಳುತ್ತಾರೆ. "ಮೀನೆಲ್ಲ ಮಲಗಿರ್ತವಲ್ಲ, ಇನ್ನೇನು ನೋಡ್ತೀರಿ?"

ಮೀನು ಮಲಗಿರುತ್ತವೆ, ನಿಜ. ನಾನು ನೋಡುವುದು ನಾನು ಕೊಂಡು ತರದ ಪ್ರಾಣಿಗಳನ್ನು. ತೊಟ್ಟಿಗೆ ಹಾಕುವ ಲೈವ್ ರಾಕ್ ಬರೀ ಕಲ್ಲಲ್ಲ. ಅದರ ತೂತು, ಸಂದುಗಳಲ್ಲಿ ಹುಳು, ಏಡಿ, ಪುಟ್ಟ ನಕ್ಷತ್ರಮೀನು, ಬಸವನಹುಳು ಎಲ್ಲ ಅಡಗಿ ಬಂದಿರುತ್ತವೆ. ಹಗಲಲ್ಲಿ ಹೊರಗೆ ಬಂದರೆ ಮೀನಿನ ಬಾಯಿಗೆ ಬೀಳುತ್ತವೆ. ಅದಕ್ಕೇ ಅವು ಓಡಾಡುವುದು ರಾತ್ರಿ. ತೊಟ್ಟಿ ಚೆನ್ನಾಗಿರುವುದು ಜಾಸ್ತಿ ಇವುಗಳಿಂದಲೇ ಅನ್ನುವುದು ನನ್ನ ನಂಬಿಕೆ.

ಬ್ರಿಸಲ್ ವರ್ಮ್ ತಗೊಳ್ಳಿ. ಉದ್ದನೆಯ ಹುಳು, ಮೈ ತುಂಬ ಉಂಗುರಗಳು, ಒಂದೊಂದು ಉಂಗುರದ ಎರಡೂ ಬದಿಗೆ ಬಿಳಿ ಕೂದಲಿನ ಕುಚ್ಚು. ಪೂರ್ತಿ ಹೊರಗೆ ಬರುವುದು ಅಪರೂಪ. ಬಾಲ ಕಲ್ಲಿನೊಳಗೇ ಇರುತ್ತದೆ, ತಲೆ ಮಾತ್ರ ಮರಳಿನ ಮೇಲೆ ತಡಕಾಡುತ್ತದೆ. ಮೀನು ಬಿಟ್ಟ ಆಹಾರದ ಚೂರು ಸಿಕ್ಕಿತೋ, ಕಚ್ಚಿಕೊಂಡು ಸರ್ರನೆ ಒಳಗೆ ಎಳೆದುಕೊಳ್ಳುತ್ತದೆ. ಆ ಚೂರು ಅಲ್ಲೇ ಕೊಳೆತಿದ್ದರೆ ಮೀನಿಗೆ ವಿಷವಾದ ಅಮೋನಿಯಾ ಆಗುತ್ತಿತ್ತು. ಹೊಸಬರು ಇದನ್ನು ಕಂಡ ತಕ್ಷಣ ಹಿಡಿದು ಎಸೆಯಬೇಕು ಅಂದುಕೊಳ್ಳುತ್ತಾರೆ. ದಯವಿಟ್ಟು ಬೇಡ. ಹವಳ ತಿನ್ನುವ ಫೈರ್‌ವರ್ಮ್ ಅನ್ನುವ ಜಾತಿ ಇದೆ, ಆದರೆ ತೊಟ್ಟಿಯಲ್ಲಿ ಕಾಣುವ ಹೆಚ್ಚಿನ ಬ್ರಿಸಲ್ ವರ್ಮ್‌ಗಳು ಕಸ ತಿನ್ನುವವೇ. ಬರಿಗೈಯಲ್ಲಿ ಮುಟ್ಟಬಾರದು ಅಷ್ಟೇ. ಆ ಕೂದಲು ಚರ್ಮಕ್ಕೆ ಚುಚ್ಚಿ ಮುರಿದು ಉಳಿದುಬಿಡುತ್ತದೆ, ಉರಿ ಜೋರು.

ಗಾಜಿಗೆ ಟಾರ್ಚ್ ಓರೆಯಾಗಿ ಹಿಡಿದರೆ ಬಿಳಿ ಚುಕ್ಕೆಗಳು ಜಿಗಿಜಿಗಿದು ಓಡುವುದು ಕಾಣುತ್ತದೆ. ಅವು ಕೋಪೆಪಾಡ್‌ಗಳು, ಅಂದರೆ ಸಿಗಡಿ, ಏಡಿಗಳ ಬಳಗದ ಪುಟಾಣಿ ಜೀವಿಗಳು, ಹೆಚ್ಚಿನವು ಒಂದೆರಡು ಮಿಲಿಮೀಟರ್ ಕೂಡ ಇಲ್ಲ. ಮ್ಯಾಂಡರಿನ್ ಮೀನು ಸಾಕಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು, ರಾತ್ರಿ ಗಾಜು ನೋಡಿ ಅಂತ. ಆ ಮೀನು ಬದುಕುವುದೇ ಇವನ್ನು ಹೆಕ್ಕಿ ತಿಂದು. ಗಾಜಿನ ಮೇಲೆ ಒಂದೂ ಕಾಣದಿದ್ದರೆ ಮ್ಯಾಂಡರಿನ್ ತರುವ ಕಾಲ ಇನ್ನೂ ಬಂದಿಲ್ಲ.

ಹವಳಗಳೂ ರಾತ್ರಿ ಬೇರೆಯೇ. ಹಗಲಲ್ಲಿ ಅವುಗಳ ಮೈಯೊಳಗಿನ ಪಾಚಿ ಬೆಳಕಿನಿಂದ ಆಹಾರ ಮಾಡಿಕೊಡುತ್ತದೆ. ಕತ್ತಲಾದಾಗ ಬಹಳಷ್ಟು ಹವಳಗಳು ಎಳೆಗಳನ್ನು ಹೊರಚಾಚಿ ನೀರಲ್ಲಿ ತೇಲುವ ಜೀವಿಗಳನ್ನು ಹಿಡಿಯುತ್ತವೆ. ಸನ್ ಕೋರಲ್‌ಗೆ ಪಾಚಿಯ ಆಸರೆಯೇ ಇಲ್ಲ. ಹಗಲಲ್ಲಿ ಮುದುಡಿಕೊಂಡು ಕಿತ್ತಳೆ ಬಣ್ಣದ ಗಂಟಿನಂತೆ ಕೂತದ್ದು, ರಾತ್ರಿ ಪೂರ್ತಿ ಅರಳಿಕೊಂಡಿರುತ್ತದೆ. ಗೆಲಾಕ್ಸಿಯಾ ಇನ್ನೊಂದು ಥರ. ಹಗಲಲ್ಲಿ ಮೋಟುಮೋಟಾಗಿ ಕಾಣುವ ಈ ಹವಳ ರಾತ್ರಿ 10 ಸೆಂಟಿಮೀಟರಿಗಿಂತ ಉದ್ದದ ತೆಳು ಎಳೆಗಳನ್ನು ಬಿಟ್ಟು ಪಕ್ಕದವರನ್ನು ಕುಟುಕುತ್ತದೆ. "ಯಾಕೋ ಒಂದು ಹವಳ ಒಂದೇ ಕಡೆ ಬಿಳಿಚಿಕೊಳ್ತಿದೆ" ಅಂತ ನೀರಿನ ಪರೀಕ್ಷೆ ಮೇಲೆ ಪರೀಕ್ಷೆ ಮಾಡುವವರಿದ್ದಾರೆ. ಒಂದು ರಾತ್ರಿ ಕೂತು ನೋಡಿದರೆ ಕಾರಣ ಕಣ್ಣೆದುರೇ ಸಿಗುತ್ತದೆ.

ವಿಜ್ಞಾನಿಗಳ ಕಣ್ಣಿಗೂ ರಾತ್ರಿಯ ಹವಳ ಬಿದ್ದಿದ್ದು ತಡವಾಗಿಯೇ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಎಷ್ಟೋ ಜಾತಿಯ ಹವಳಗಳು ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ ಒಟ್ಟಿಗೇ ಮೊಟ್ಟೆ, ವೀರ್ಯ ಬಿಡುತ್ತವೆ ಅನ್ನುವುದು ಲೋಕಕ್ಕೆ ತಿಳಿದದ್ದು 1980ರ ದಶಕದಲ್ಲಿ. ಅಷ್ಟು ದೊಡ್ಡ ಸಂಗತಿ!

ಮಲಗಿರುವ ಮೀನೂ ನೋಡುವಂಥದ್ದೇ. ಯೆಲ್ಲೋ ಟ್ಯಾಂಗ್‌ನ ಹಳದಿ ಮಂಕಾಗಿ, ಪಕ್ಕದಲ್ಲಿ ಕಂದು ಮಚ್ಚೆಯೂ ಅದರ ನಡುವೆ ಬಿಳಿ ಪಟ್ಟೆಯೂ ಮೂಡುತ್ತವೆ. ಗೊತ್ತಿಲ್ಲದವರು ಕಾಯಿಲೆ ಅಂತ ಔಷಧಿಗೆ ಓಡುತ್ತಾರೆ. ಬೆಳಗ್ಗೆ ಲೈಟ್ ಹತ್ತಿದ ಸ್ವಲ್ಪ ಹೊತ್ತಿಗೆ ಬಣ್ಣ ವಾಪಸ್ ಬಂದಿರುತ್ತದೆ. ಕೆಲವು ರಾಸ್ ಮೀನುಗಳಂತೂ ಮರಳಿನೊಳಗೆ ಹೂತುಕೊಂಡು ಮಲಗುತ್ತವೆ. ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಡಿಯುತ್ತಿದ್ದರೆ ಮಾತ್ರ ಗಮನ ಕೊಡಿ. ಕತ್ತಲಲ್ಲಿ ಪಾಚಿ ಆಮ್ಲಜನಕ ಕೊಡುವುದಿಲ್ಲ, ಎಲ್ಲರೂ ಉಸಿರಾಡುವುದು ಮಾತ್ರ ನಡೆದೇ ಇರುತ್ತದೆ. ಇಂಗಾಲದ ಡೈಆಕ್ಸೈಡ್ ಏರಿ, ಬೆಳಗಾಗುವ ಹೊತ್ತಿಗೆ ಪಿಎಚ್ ಕೂಡ ಇಳಿದಿರುತ್ತದೆ. ಪಂಪನ್ನು ಸ್ವಲ್ಪ ಮೇಲ್ಮುಖ ಮಾಡಿ ನೀರಿನ ಮೇಲ್ಮೈ ಕಲಕುವಂತೆ ಇಟ್ಟರೆ ಎಷ್ಟೋ ವಾಸಿ.

ನೋಡುವುದು ಹೇಗೆ ಅಂದರೆ, ಲೈಟ್ ಆರಿ ಒಂದೆರಡು ಗಂಟೆ ಕಳೆಯಲಿ. ಬಿಳಿ ಟಾರ್ಚ್ ಬೇಡ, ಕೆಂಪು ಬೆಳಕು ಇರಲಿ. ಸಮುದ್ರದ ನೀರು ಕೆಂಪನ್ನು ಮೊದಲ ಕೆಲವೇ ಮೀಟರ್‌ಗಳಲ್ಲಿ ನುಂಗಿಬಿಡುತ್ತದೆ. ಹಾಗಾಗಿ ಅಲ್ಲಿನ ಹೆಚ್ಚಿನ ಪ್ರಾಣಿಗಳ ಕಣ್ಣಿಗೆ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಬಿಳಿ ಬೆಳಕು ಬಿದ್ದರೆ ಸಾಕು, ಎಲ್ಲ ಒಳಗೆ ಓಡಿಹೋಗುತ್ತವೆ. ಗಾಜು ತಟ್ಟಬೇಡಿ. ಒಂದೇ ಕಲ್ಲು ಆರಿಸಿಕೊಂಡು ಅದನ್ನೇ ಸುಮ್ನೆ ನೋಡುತ್ತಾ ಕೂತರೆ ಜಾಸ್ತಿ ಸಿಗುತ್ತದೆ.

ಕೆಲವರು ಕೇಳುತ್ತಾರೆ, "ರಾತ್ರಿ ತೊಟ್ಟಿಯಿಂದ ಟಕ್ ಅಂತ ಸದ್ದು ಬರುತ್ತೆ, ಗಾಜು ಬಿರುಕು ಬಿಡ್ತಿದೆಯಾ?" ಅಂತ. ಮೊದಲು ಗಾಜನ್ನೂ ಅಂಚಿನ ಅಂಟನ್ನೂ ಒಮ್ಮೆ ನೋಡಿಕೊಳ್ಳಿ. ಅಲ್ಲೇನೂ ಇಲ್ಲದಿದ್ದರೆ ಬಹುಶಃ ಪಿಸ್ಟಲ್ ಸಿಗಡಿ. ದೊಡ್ಡ ಕೊಂಡಿ ಮುಚ್ಚುವ ವೇಗಕ್ಕೆ ನೀರಲ್ಲಿ ಗುಳ್ಳೆ ಎದ್ದು ಒಡೆಯುತ್ತದೆ, ಸದ್ದು ಬರುವುದು ಆ ಗುಳ್ಳೆಯಿಂದ. ಅದು ಬಹಳಷ್ಟು ಸಲ ಯಾರಿಗೂ ತೊಂದರೆ ಕೊಡದೆ ಇದ್ದುಬಿಡುತ್ತದೆ. ಆದರೆ ಮ್ಯಾಂಟಿಸ್ ಸಿಗಡಿಯ ಸದ್ದೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅದು ಬಸವನಹುಳು, ಏಡಿಗಳನ್ನು ಹೊಡೆದು ತಿನ್ನುತ್ತದೆ, ಅದನ್ನು ಬೇರೆ ತೊಟ್ಟಿಗೆ ಹಾಕಲೇಬೇಕು. ಕಲ್ಲುಗಳನ್ನೆಲ್ಲ ಕೀಳುವ ಮೊದಲು ನಾಲ್ಕಾರು ರಾತ್ರಿ ಕೆಂಪು ಬೆಳಕಲ್ಲಿ ಕಾಯಿರಿ. ಯಾವ ತೂತಿನಲ್ಲಿದೆ ಅಂತ ಗೊತ್ತಾದರೆ, ಆ ಒಂದು ಕಲ್ಲನ್ನು ತೆಗೆದರೆ ಸಾಕು.